ಇ2ಎಫ್‌ಎಸ್‌ಪ್ರಾಗ್ಸ್ ಪ್ಯಾಕೇಜ್ ಮಾಡೋದು: ಡೆಬಿಯನ್ ದಾರಿಯೋ, ಆರ್ಚ್ ದಾರಿಯೋ?

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟು ದಿಢೀರ್ ಹೋದರೆ, ಎಕ್ಸ್ಟ್4 (ಲಿನಕ್ಸ್ ಫೈಲುಗಳನ್ನು ಇಡುವ ಒಂದು ವಿಧಾನ) ಡಿಸ್ಕ್ ಪರೀಕ್ಷಿಸುವುದು ಇ2ಎಫ್‌ಎಸ್‌ಸಿಕೆ ಎಂಬ ಪ್ರೋಗ್ರಾಂ. ಅದು ಇರುವುದು ಇ2ಎಫ್‌ಎಸ್‌ಪ್ರಾಗ್ಸ್ ಎಂಬ ಕಂತೆಯಲ್ಲಿ. ಡೆಬಿಯನ್, ಆರ್ಚ್ ಎರಡೂ ಲಿನಕ್ಸ್‌ನ ಬೇರೆ ಬೇರೆ ರೂಪಗಳು; ಈ ಕಂತೆಯನ್ನು ಇನ್‌ಸ್ಟಾಲ್ ಮಾಡಲು ಬರುವಂತೆ ಕಟ್ಟಿಡುವುದೇ ಪ್ಯಾಕೇಜ್ ಮಾಡೋದು.

ಡೆಬಿಯನ್ ಇದನ್ನು ಶಿವಮೊಗ್ಗ ಮಂಡಿಯ ಅಡಿಕೆ ಹಾಗೆ ವಿಂಗಡಿಸುತ್ತದೆ. ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ. ಉಪಕರಣಗಳಿಗೆ ಒಂದು ಪ್ಯಾಕೇಜ್, ಲೈಬ್ರರಿಗಳಿಗೆ (ಬೇರೆ ಪ್ರೋಗ್ರಾಂಗಳೂ ಬಳಸುವ ಕೋಡ್) ಬೇರೆ ಬೇರೆ, ಪ್ರೋಗ್ರಾಂ ಬರೆಯುವವರಿಗೆ ಬೇಕಾದ ಹೆಡರ್ ಫೈಲುಗಳಿಗೆ ಡೆವ್ ಪ್ಯಾಕೇಜ್. ನೆಟ್‌ವರ್ಕ್‌ನಲ್ಲಿ ಗುರುತು ಖಾತ್ರಿಪಡಿಸುವ ಕರ್ಬರೋಸ್‌ಗೆ ದೋಷಸಂದೇಶದ ಪುಟ್ಟ ಲೈಬ್ರರಿ ಮಾತ್ರ ಬೇಕಿದ್ದರೆ ಉಳಿದದ್ದನ್ನು ಸುಮ್ನೆ ಎಳೆದು ತರಬೇಕಿಲ್ಲ. ಲೈಬ್ರರಿಯ ಎಬಿಐ (ಪ್ರೋಗ್ರಾಂ ಜೊತೆ ಅದು ಹೊಂದಿಕೊಳ್ಳುವ ರೀತಿ) ಆವೃತ್ತಿ ಪ್ಯಾಕೇಜ್ ಹೆಸರಿನಲ್ಲೇ ಇರುವುದರಿಂದ ಹಳೆಯದು, ಹೊಸದು ಸಾಮಾನ್ಯವಾಗಿ ಒಟ್ಟಿಗೆ ಇರಬಲ್ಲವು. ಆದರೆ ಕೆಲಸ ಜಾಸ್ತಿ. 2038ರಲ್ಲಿ 32-ಬಿಟ್ ಸಮಯದ ಎಣಿಕೆ ತುಂಬಿಹೋಗುವ ತೊಂದರೆ ತಪ್ಪಿಸಲು 2024ರಲ್ಲಿ ಎಷ್ಟೋ ಲೈಬ್ರರಿ ಪ್ಯಾಕೇಜುಗಳ ಹೆಸರಿಗೆ 'ಟಿ64' ಅಂಟಿಸಬೇಕಾಯಿತು!

ಆರ್ಚ್‌ನಲ್ಲಿ ಬಹುತೇಕ ಎಲ್ಲವೂ ಒಂದೇ ಮೂಟೆ. ಪ್ಯಾಕೇಜ್ ಕಟ್ಟುವ ವಿಧಾನ ಬರೆದಿರುವ ಪಿಕೆಜಿಬಿಲ್ಡ್ ಎಂಬ ಒಂದು ಫೈಲ್ ಓದಿದರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಆದರೆ ಅರ್ಧಂಬರ್ಧ ಅಪ್‌ಡೇಟ್ ಅಲ್ಲಿ ನಡೆಯಲ್ಲ, ಇಡೀ ಸಿಸ್ಟಮ್ಮನ್ನೇ ಅಪ್‌ಡೇಟ್ ಮಾಡಬೇಕು. ಗುಡ್ಡ ಹತ್ತಿ ಸಿಗ್ನಲ್ ಹುಡುಕುವವರಿಗೆ ಇದು ಕಷ್ಟ ಅಲ್ವಾ?

ಕಲಿಯಲು ಆರ್ಚ್‌ನಿಂದ ಶುರು ಮಾಡಿ. ಊರ ಶಾಲೆಯ ಕಂಪ್ಯೂಟರಿಗೆ ಹಾಕುವುದಾದರೆ ನಾನು ಡೆಬಿಯನ್ ಕಡೆಗೇ.