ಡಕ್ಟೆಬಲ್ ಏಸಿಗೆ ಟೈಮರ್ ಥರ್ಮೋಸ್ಟಾಟ್: 230 ವೋಲ್ಟಿನದೇ ಸಾಕು

ಮುಂಬಯಿಯ ಮಾಟುಂಗದ ಕಡೆ ನಮ್ಮವರ ಹೋಟೆಲುಗಳ ಏಸಿ ಹಾಲಿನಲ್ಲಿ ಊಟದ ಹೊತ್ತು ಮುಗಿದ ಮೇಲೂ ಖಾಲಿ ಮೇಜುಗಳಿಗೆ ತಂಪು ಸುರಿಯುತ್ತಿರುತ್ತದೆ. ಆಫ್ ಮಾಡುವ ನೆನಪು ಯಾರಿಗೂ ಇರುವುದಿಲ್ಲ. ಹೊತ್ತು ನೋಡಿ ತಾನೇ ಆನ್-ಆಫ್ ಮಾಡುವ ಟೈಮರ್ ಥರ್ಮೋಸ್ಟಾಟ್ ಬೇಕಾಗುವುದು ಅದಕ್ಕೇ. ಇನ್ವರ್ಟರ್ ಅಲ್ಲದ ಡಕ್ಟೆಬಲ್ ಏಸಿಗೆ, ಅಂದರೆ ಫಾಲ್ಸ್ ಸೀಲಿಂಗ್ ಮೇಲಿನ ಡಕ್ಟಿನಿಂದ ತಂಪು ಹರಿಸುವ ಏಸಿಗೆ, 24 ವೋಲ್ಟಿನದು, ಐಆರ್ ಬ್ಲಾಸ್ಟರ್, 230 ವೋಲ್ಟಿನದು ಹೀಗೆ ಮೂರು ಬಗೆಯನ್ನೂ ಹಾಕಿ ನೋಡಿದ್ದಾಗಿದೆ. ನನ್ನ ಓಟು 230 ವೋಲ್ಟಿನ ಗೋಡೆ ಥರ್ಮೋಸ್ಟಾಟಿಗೆ.

ಅಮೆರಿಕದಿಂದ ಮಗನೋ ಅಳಿಯನೋ ತಂದುಕೊಡುವ 24 ವೋಲ್ಟಿನದು ನೋಡಲು ಚೆಂದ. ಅದರಲ್ಲಿ ಆರ್ ಎಂದರೆ ಕರೆಂಟು ಬರುವ ತಂತಿ, ವೈ ಕಂಪ್ರೆಸರಿಗೆ, ಜಿ ಫ್ಯಾನಿಗೆ, ಸಿ ಎಂದರೆ ಕರೆಂಟು ಮರಳುವ ಕಾಮನ್ ತಂತಿ. ಇಲ್ಲಿನ ಪ್ಯಾನಲ್ಲಿನಲ್ಲಿ ಸಾಮಾನ್ಯವಾಗಿ ಇರುವುದು 230 ವೋಲ್ಟ್ ಕಾಯಿಲಿನ ಕಾಂಟ್ಯಾಕ್ಟರ್, ಅಂದರೆ ಕಂಪ್ರೆಸರನ್ನು ಆನ್-ಆಫ್ ಮಾಡುವ ದೊಡ್ಡ ವಿದ್ಯುತ್ ಸ್ವಿಚ್ಚು. ನೇರ ಜೋಡಿಸಿದರೆ ಥರ್ಮೋಸ್ಟಾಟ್ ಸುಟ್ಟಿತೆಂದೇ ಲೆಕ್ಕ. ಎಲೆಕ್ಟ್ರಿಕ್ ಸಾಮಾನಿನ ಪೇಟೆ ಲೋಹಾರ್ ಚಾಳಿಗೆ ಹೋಗಿ 40 ವಿಎ ಟ್ರಾನ್ಸ್‌ಫಾರ್ಮರ್, 2 ಆಂಪಿಯರ್ ಫ್ಯೂಸು, ಕಂಪ್ರೆಸರಿಗೊಂದು ಫ್ಯಾನಿಗೊಂದು ಎಂದು 24 ವೋಲ್ಟಿನ ಎರಡು ರಿಲೇ (ಸಣ್ಣ ವಿದ್ಯುತ್ ಸ್ವಿಚ್ಚು) ತರಬೇಕು. ರಿಲೇ ಕಾಯಿಲ್ ಏಸಿ ಕರೆಂಟಿನದೇ (ಆಲ್ಟರ್ನೇಟಿಂಗ್) ಎಂದು ಓದಿ ನೋಡಿ. ಡಿಸಿಯದನ್ನು ಕೊಟ್ಟಿದ್ದರೆ ಗುಂಯ್‌ಗುಟ್ಟುತ್ತಾ ಬಿಸಿಯಾಗುತ್ತದೆ.

ಇಷ್ಟೆಲ್ಲ ಮಾಡಿ ಎಡವುವುದು ಸಿ ತಂತಿಗೆ. ಹಳೆಯ ಕಾಂಡ್ಯೂಟಿನಲ್ಲಿ (ತಂತಿ ಪೈಪಿನಲ್ಲಿ) ಮೂರೇ ತಂತಿ ಇದ್ದರೆ ಆರ್, ವೈ, ಜಿಗೇ ಮುಗಿಯಿತು. ಸಿ ಇಲ್ಲದೆಯೂ ನಡೆಯುವ ಮಾದರಿಗಳು ಕಂಪ್ರೆಸರ್ ನಿಂತಿರುವಾಗ ವೈ ತಂತಿಯಿಂದ, ರಿಲೇ ಕಾಯಿಲಿನ ಮೂಲಕವೇ, ಚೂರು ಚೂರು ಕರೆಂಟು ಕದ್ದು ಬ್ಯಾಟರಿ ತುಂಬಿಕೊಳ್ಳುತ್ತವೆ. ಸಣ್ಣ ರಿಲೇಗೆ ಕೆಲವೊಮ್ಮೆ ಆ ಚೂರೇ ಸಾಕು. ಪೂರ್ತಿ ಕಚ್ಚದೆ ಪೂರ್ತಿ ಬಿಡದೆ ಕಟಕಟ ಎನ್ನುತ್ತದೆ, ಜೊತೆಗೆ ದೊಡ್ಡ ಕಾಂಟ್ಯಾಕ್ಟರೂ ಬಡಿದುಕೊಂಡು ಅದರ ಪಾಯಿಂಟುಗಳು ಕಪ್ಪಾಗುತ್ತವೆ.

ಮದ್ದು ಒಂದೇ, ಐದು ಕೋರಿನ ಹೊಸ ಕೇಬಲ್. ಹಳೆ ತಂತಿಯ ತುದಿಗೆ ಕಟ್ಟಿ ಎಳೆಯಬೇಕು. ಬೆಂಡಿನಲ್ಲಿ ಸಿಕ್ಕಿಕೊಂಡಿತೋ, ಫಾಲ್ಸ್ ಸೀಲಿಂಗ್ ಬಿಚ್ಚಬೇಕು. 230 ವೋಲ್ಟಿನ ತಂತಿ ಓಡುವ ಪೈಪಿನಲ್ಲಿ ಇದನ್ನು ತೂರಿಸಬೇಡಿ.

ರಿಮೋಟಿನಂತೆ ಸಿಗ್ನಲ್ ಕಳಿಸುವ ಐಆರ್ ಬ್ಲಾಸ್ಟರಿಗೆ ವೈರಿಂಗೇ ಇಲ್ಲ, ಆದರೆ ಏಸಿ ನಿಜಕ್ಕೂ ನಿಂತಿತೋ ಇಲ್ಲವೋ ಅದಕ್ಕೆ ತಿಳಿಯದು.

230 ವೋಲ್ಟಿನದಕ್ಕೆ ಫೇಸು, ನ್ಯೂಟ್ರಲ್ ನೇರ ಬರುವುದರಿಂದ ಸಿ ತಂತಿಯ ರಗಳೆಯೇ ಇಲ್ಲ. ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ನೋಡಿ, ಹಳೆ ಜೋಡಣೆಯ ಫೋಟೋ ತೆಗೆದುಕೊಳ್ಳಿ. ಥರ್ಮೋಸ್ಟಾಟಿನಲ್ಲಿ ವಾಲ್ವ್ ಎಂದು ಬರೆದ ಔಟ್‌ಪುಟ್ಟನ್ನು ಕಂಪ್ರೆಸರ್ ಕಾಂಟ್ಯಾಕ್ಟರಿನ ಕಾಯಿಲಿನ ಒಂದು ತುದಿ ಎ1ಗೆ ಕೊಡಿ, ಇನ್ನೊಂದು ತುದಿ ಎ2 ನ್ಯೂಟ್ರಲಿಗೆ. ದಾರಿಯಲ್ಲಿರುವ ಹೈ ಪ್ರೆಷರ್, ಲೋ ಪ್ರೆಷರ್ ಸ್ವಿಚ್ಚುಗಳನ್ನು ಬೈಪಾಸ್ ಮಾಡಕೂಡದು. ಫ್ಯಾನಿನ ಆಂಪಿಯರ್ ಥರ್ಮೋಸ್ಟಾಟಿನ ಬೆನ್ನ ಮೇಲೆ ಬರೆದದ್ದಕ್ಕಿಂತ ಹೆಚ್ಚಿದ್ದರೆ ಅದಕ್ಕೂ ಬೇರೆ ಕಾಂಟ್ಯಾಕ್ಟರ್ ಹಾಕಿ. ಒಳಗೇ ಡಿಲೇ ಇಲ್ಲದ ಮಾದರಿಯಾದರೆ 3 ನಿಮಿಷದ ಆನ್-ಡಿಲೇ ಟೈಮರ್ ಸೇರಿಸಿ. ಗ್ಯಾಸಿನ ಒತ್ತಡ ಸಮವಾಗುವ ಮೊದಲೇ ಚಾಲೂ ಮಾಡಿದರೆ ಕಂಪ್ರೆಸರ್ ಮುಕ್ಕರಿದು ಓವರ್‌ಲೋಡಿನಲ್ಲಿ ಟ್ರಿಪ್ ಆಗುತ್ತದೆ.

ಇದರದೂ ಒಂದು ಕಾಟವಿದೆ. ಫಾಲ್ಸ್ ಸೀಲಿಂಗಿನ ಮೇಲಿನ ಬಿಸಿಗಾಳಿ ಕಾಂಡ್ಯೂಟಿನಿಂದ ಇಳಿದು ಸೆನ್ಸರಿಗೆ ಊದುತ್ತದೆ. ಹಾಲು ತಣ್ಣಗಿದ್ದರೂ ಕಂಪ್ರೆಸರ್ ನಿಲ್ಲುವುದಿಲ್ಲ. ತಂತಿ ಹೊರಬರುವ ತೂತಿಗೆ ಒಂದು ಉಂಡೆ ಪುಟ್ಟಿ ಮೆತ್ತಿ.

ಆ್ಯಪ್ ಬೇಕೆನ್ನುವವರಿಗೆ ಇದರ ಸಾದಾ ಮಾದರಿ ರುಚಿಸದು. ಆದರೆ 11:30ರಿಂದ 3:30, ಮತ್ತೆ 7ರಿಂದ 11 ಎಂದು ಒಮ್ಮೆ ಒತ್ತಿಟ್ಟು ಮರೆಯುವ, ಗಲ್ಲೆಯಲ್ಲಿ ಕೂತವರಿಗೆ ಅಷ್ಟು ಸಾಕು, ಖರ್ಚೂ ಕಡಿಮೆ. ನಿಮ್ಮದು ಇನ್ವರ್ಟರ್ ಯೂನಿಟ್ ಆಗಿದ್ದರೆ ಮಾತ್ರ ಕಾಂಟ್ಯಾಕ್ಟರ್ ಹಾಕಿ ಕರೆಂಟು ಕತ್ತರಿಸಲು ಹೋಗಬೇಡಿ. ಅದರ ಜೊತೆ ಬಂದ ವೈರ್ಡ್ ರಿಮೋಟಿನಲ್ಲೇ ವಾರದ ಟೈಮರ್ ಇದೆಯೇ ಎಂದು ಮೊದಲು ನೋಡಿ.