ಹೂವಿನ ಲಾರಿಯಲ್ಲಿ ಹದಿನಾಲ್ಕು ತಿಂಗಳು: ಪಿಡಬ್ಲ್ಯುಎಂ ಮಿಡಿತವನ್ನು ವೋಲ್ಟೇಜ್ ಮಾಡುವ ಬೋರ್ಡ್

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೂವು ಒಯ್ಯುವ ನಮ್ಮ ಲಾರಿಯ ಮುಚ್ಚಿದ ಪೆಟ್ಟಿಗೆಯಲ್ಲಿ 24 ವೋಲ್ಟ್‌ನ ಇಸಿ ಫ್ಯಾನ್ (ಮೋಟಾರನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ಸ್ ಒಳಗೇ ಇರುವ ಫ್ಯಾನ್) ಇದೆ. ಅದರ ವೇಗ ಬದಲಿಸಲು 0ಯಿಂದ 10 ವೋಲ್ಟ್ ಬೇಕು. ತಾಪ ನೋಡಿಕೊಳ್ಳುವ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ನಿಯಂತ್ರಕ ಕೊಡುವುದು 5 ವೋಲ್ಟ್‌ನ ಮಿಡಿತ ಮಾತ್ರ. ಅದರ ಅಗಲ ಬದಲಾಗುತ್ತದೆ, ಎತ್ತರ ಬದಲಾಗುವುದಿಲ್ಲ; ಇದಕ್ಕೇ ಪಿಡಬ್ಲ್ಯುಎಂ ಎನ್ನುವುದು. ನಡುವೆ ಕೂರಿಸಿದ್ದು ಎಲ್‌ಎಂ358 ಎಂಬ ವರ್ಧಕ ಐಸಿ ಇರುವ ಈ ಪುಟ್ಟ ಬೋರ್ಡ್.

ಮೊದಲನೆಯದು ಮೂರೇ ವಾರಕ್ಕೆ ಸುಟ್ಟಿತು. ಬೋರ್ಡಿಗೆ 12ರಿಂದ 30 ವೋಲ್ಟ್ ಕೊಡಬಹುದೆಂದು ಬರೆದಿರುವುದನ್ನು ನಂಬಿ ನೇರವಾಗಿ ಬ್ಯಾಟರಿಗೆ ಜೋಡಿಸಿದ್ದೆ. ಎಂಜಿನ್ ಓಡುವಾಗ ಲಾರಿಯ ತಂತಿಯಲ್ಲಿ ಸುಮಾರು 28 ವೋಲ್ಟ್ ಇರುತ್ತದೆ. ಐಸಿ ತಾಳುವ ಮಿತಿ 32. ರಿಲೇ ಬಿಟ್ಟುಕೊಂಡಾಗ ಏಳುವ ಒಂದು ಜಿಗಿತಕ್ಕೆ ಆ ಅಂತರ ಯಾವ ಲೆಕ್ಕ? ಎರಡನೆಯದಕ್ಕೆ ಫ್ಯೂಸ್, ಜಿಗಿತವನ್ನು ಹೀರಿಕೊಳ್ಳುವ ಟಿವಿಎಸ್ ಡಯೋಡ್, ವೋಲ್ಟೇಜ್ ತಗ್ಗಿಸುವ, 60 ವೋಲ್ಟ್ ತಾಳುವ ಬಕ್ ಕನ್ವರ್ಟರ್ ಹಾಕಿ 15 ವೋಲ್ಟ್‌ಗೆ ಇಳಿಸಿಕೊಟ್ಟೆ. ಅಂದಿನಿಂದ ಇಂದಿನವರೆಗೆ ಅದೇ ಬೋರ್ಡ್ ದುಡಿಯುತ್ತಿದೆ.

ಫ್ಯಾನ್ ಗುಂಯ್‌ಗುಟ್ಟುತ್ತಿದ್ದುದಕ್ಕೆ ಕಾರಣ ಬೇರೆ. ಬೋರ್ಡ್ ಬಯಸುವುದು 1ರಿಂದ 3 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ಸಾವಿರದಿಂದ ಮೂರು ಸಾವಿರ ಮಿಡಿತ. ನ್ಯಾನೊದ 9ನೇ ಪಿನ್ ಕೊಡುವುದು 490 ಹರ್ಟ್ಸ್. ಮಿಡಿತಗಳ ನಡುವಿನ ಬಿಡುವು ಉದ್ದವಾದರೆ ಕೆಪಾಸಿಟರ್ ಅಷ್ಟರಲ್ಲಿ ಬರಿದಾಗತೊಡಗುತ್ತದೆ, ವೋಲ್ಟೇಜ್ ಅಲೆಯುತ್ತದೆ. ತಂತಿಯನ್ನು 5ನೇ ಪಿನ್ನಿಗೆ ಬದಲಿಸಿದೆ. ಅಲ್ಲಿ 980 ಹರ್ಟ್ಸ್, ಗುಂಯ್‌ಗಾಟ ನಿಂತಿತು.

ಹೊಂದಿಸುವುದು ಸುಲಭ: ಮಿಡಿತದ ಅಗಲವನ್ನು ಅರ್ಧಕ್ಕಿಟ್ಟು ಮಲ್ಟಿಮೀಟರ್ 5 ವೋಲ್ಟ್ ತೋರಿಸುವವರೆಗೆ ಬೋರ್ಡಿನ ತಿರುಪು ತಿರುಗಿಸಬೇಕು. ಆದರೆ ನಮ್ಮ ರಸ್ತೆಯ ಕುಲುಕಾಟಕ್ಕೆ ಆ ತಿರುಪು ತಾನಾಗಿಯೇ ಸರಿದು ಎರಡು ಬಾರಿ ಲೆಕ್ಕ ತಪ್ಪಿಸಿತು. ತಲೆಯ ಮೇಲೆ ಒಂದು ಹನಿ ಉಗುರುಬಣ್ಣ ಬಿಟ್ಟ ಮೇಲೆ ಅಲುಗಿಲ್ಲ. ಫ್ಯಾನಿನ ಸಂಕೇತದ ನೆಲತಂತಿಯನ್ನು (ಗ್ರೌಂಡ್) ಚಾಸಿಗೆ ಕಟ್ಟದೆ ಬೋರ್ಡಿಗೇ ತನ್ನಿ. ಚಾಸಿಯ ಮೂಲಕ ತಂದಿದ್ದಾಗ ನನಗೆ 0.3 ವೋಲ್ಟ್ ವ್ಯತ್ಯಾಸ ಬರುತ್ತಿತ್ತು.

12 ವೋಲ್ಟ್‌ನ ಕಾರಿಗೆ ಇದನ್ನೇ ಹಾಕುವವರು ಗಮನಿಸಬೇಕಾದದ್ದು: ಈ ಐಸಿಯ ಔಟ್‌ಪುಟ್ ತನಗೆ ಸಿಗುವ ವೋಲ್ಟೇಜಿಗಿಂತ ಸುಮಾರು ಒಂದೂವರೆ ವೋಲ್ಟ್ ಕೆಳಗೇ ನಿಲ್ಲುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕುಸಿದರೆ 10 ವೋಲ್ಟ್ ಸಿಗದು. ಫ್ಯಾನಿಗೆ ಅದು ಚಿಂತೆಯಲ್ಲ. ಆಕ್ಸಿಲರೇಟರ್ ಸಂಕೇತಕ್ಕೆ ಮಾತ್ರ ಈ ಬೋರ್ಡನ್ನು ಬಳಸಲೇಬೇಡಿ: ಇದು ಕೆಟ್ಟರೆ ಔಟ್‌ಪುಟ್ ಮೇಲಕ್ಕೆ ಅಂಟಿಕೊಳ್ಳಬಹುದು, ಅದನ್ನು ತಡೆಯಲು ಇದರಲ್ಲಿ ಯಾವ ವ್ಯವಸ್ಥೆಯೂ ಇಲ್ಲ.

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಆ ತಿರುಪಿನದು.