ಮುಚ್ಚಳದ ಲಿಟರ್ ಬಾಕ್ಸ್: ಎರಡು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಬೆಕ್ಕು ಮನೆಯೊಳಗೇ ಉಚ್ಚೆ, ಕಕ್ಕ ಮಾಡೋಕೆ ಇಡೋ ಈ ಬಾಕ್ಸ್ ಕೆಟ್ಟದ್ದಲ್ಲ. ಕೆಟ್ಟದ್ದು ಮುಚ್ಚಳ. ಜಾಸ್ತಿ ದುಡ್ಡು ಕೊಟ್ಟಿದ್ದು ಅದಕ್ಕೇ ಅನ್ನೋದು ನನ್ನ ಸಂಕಟ.

ಕಾರವಾರದ ಕಾಜುಬಾಗದಲ್ಲಿ ನಮ್ಮದು ಒಂದೇ ಬೆಡ್‌ರೂಮಿನ ಬಾಡಿಗೆ ಮನೆ, ಮೊದಲ ಮಹಡಿ. ಬೆಕ್ಕು ಒಂದು, ಹೆಸರು ಕೆಂಚ. ಕೆಳಗಿನ ಮನೆಯಾಗಿದ್ದರೆ ಹಿತ್ತಲಲ್ಲಿ ಕೆದಕಿ ಮುಗಿಸಿ ಬರುತ್ತಿದ್ದ, ಈ ರಗಳೆಯೇ ಇರುತ್ತಿರಲಿಲ್ಲ. ಬಾಕ್ಸ್ ಬಂದ ದಿನ ಅತ್ತೆ ಕೇಳಿದ್ದು, "ಇದು ಎಷ್ಟು ಲೀಟರಿಂದು?"

ಜಾಗ ಹುಡುಕೋದೇ ದೊಡ್ಡ ಕೆಲಸ. ಮೊದಲು ಅಡುಗೆಮನೆ ಮೂಲೆಯಲ್ಲಿ ಇಟ್ಟೆವು. ಪಕ್ಕದಲ್ಲೇ ಅವನ ಊಟದ ತಟ್ಟೆ, ಹಾಗಾಗಿ ಒಳಗೆ ಕಾಲೇ ಇಡಲಿಲ್ಲ. ಉಣ್ಣೋ ಜಾಗದಲ್ಲಿ ನಾವೂ ಹೋಗಲ್ಲ ಅಲ್ವಾ. ಆಮೇಲೆ ವಾಷಿಂಗ್ ಮಷಿನ್ ಪಕ್ಕ. ಒಂದು ಸಲ ಡ್ರಮ್ ಗರಗರ ತಿರುಗಿತು, ಅಲ್ಲಿಗೆ ಅದೂ ಮುಗಿಯಿತು. ಕೊನೆಗೆ ಬಚ್ಚಲಿಗೆ ಹೋಗೋ ದಾರಿಯಲ್ಲಿ, ಬೇಸಿನ್ ಕೆಳಗೆ. ಅಲ್ಲಿದ್ದ ಬಕೆಟ್ಟು, ಪೊರಕೆ ಎಲ್ಲ ಗೋಡೆಗೆ ನೇತು ಹಾಕಿದೆ. ಎರಡೂ ಕಡೆಯಿಂದ ಓಡಿಹೋಗಲು ದಾರಿ ಇದೆ, ಅದಕ್ಕೇ ಒಪ್ಪಿದ ಅನ್ಸುತ್ತೆ.

ಬೇಸಿಗೆ ತನಕ ಎಲ್ಲ ಚೆನ್ನಾಗಿತ್ತು. ಜೂನ್ ಬಂತು. ಇಲ್ಲಿನ ಮಳೆ ಗೊತ್ತಲ್ಲ, ವಾರಗಟ್ಟಲೆ ಬಟ್ಟೆ ಒಣಗಲ್ಲ, ಗೋಡೆಯೇ ಬೆವರುತ್ತೆ. ಬಾಕ್ಸಿಗೆ ತುಂಬೋ ಲಿಟರ್ ಅಂದರೆ ಬೆಂಟೊನೈಟ್ ಅನ್ನೋ ಜೇಡಿಮಣ್ಣು, ಉಚ್ಚೆ ತಾಗಿದರೆ ಉಂಡೆ ಕಟ್ಟುತ್ತೆ. ಅದು ಗಾಳಿಯ ತೇವಕ್ಕೇ ಮೆತ್ತಗಾಗಿ, ಉಂಡೆ ಗಟ್ಟಿಯಾಗುವ ಬದಲು ತಳಕ್ಕೆ ಅಂಟುತ್ತಿತ್ತು. ಜೂನ್, ಜುಲೈ ಅಂದರೆ ಟ್ರಾಲರ್ ದೋಣಿಗಳ ಮೀನುಗಾರಿಕೆಗೆ ನಿಷೇಧ ಬೇರೆ, ಬಂಗಡೆ, ತಾರ್ಲೆ ಸಿಗೋದು ಕಷ್ಟ, ಕೆಂಚನಿಗೆ ಬರೀ ಪ್ಯಾಕೆಟ್ಟಿನ ಒಣ ಕ್ಯಾಟ್‌ಫುಡ್. ನೀರು ಕಡಿಮೆ ಹೋದರೆ ಉಚ್ಚೆ ದಪ್ಪ, ವಾಸನೆ ಇಮ್ಮಡಿ. ಆ ವಾಸನೆಯನ್ನೆಲ್ಲ ಮುಚ್ಚಳ ಒಳಗೇ ಹಿಡಿದಿಡುತ್ತೆ. ನಮ್ಮ ಮೂಗಿಗೆ ಬರಲ್ಲ ಸರಿ, ಆದರೆ ಅದರೊಳಗೆ ಕೂರೋದು ಅವನು. ಒಂದು ಬೆಳಿಗ್ಗೆ ನೋಡಿದರೆ ಒಗೆದು ರಾಶಿ ಹಾಕಿದ ಬಟ್ಟೆ ಮೇಲೆ ಮಾಡಿದ್ದ.

ಬೈಯುವ ಮೊದಲು ಡಾಕ್ಟರ ಹತ್ತಿರ ಹೋದೆವು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಜೀವಕ್ಕೇ ಅಪಾಯ, ತಡ ಮಾಡೋ ಹಾಗಿಲ್ಲ. ಅದೇನೂ ಇರಲಿಲ್ಲ. ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಬಾಕ್ಸ್ ಇರಬೇಕು, ನಿಮ್ಮದು ಚಿಕ್ಕದು, ಮುಚ್ಚಳ ತೆಗೆಯಿರಿ ಅಂದರು. ಮನೆಗೆ ಬಂದು ತೆಗೆದೆ. ಮರುದಿನದಿಂದ ಬಟ್ಟೆ ಉಳಿಯಿತು.

ನನ್ನ ತಪ್ಪುಗಳೂ ಕಡಿಮೆ ಇಲ್ಲ. ದುಡ್ಡು ಉಳಿಸೋಣ ಅಂತ ಬೀಚಿನ ಮರಳು ತಂದೆ, ಉಂಡೆ ಕಟ್ಟಲ್ಲ, ಹಾಸಿಗೆವರೆಗೂ ಮರಳು. ಲಿಟರ್ ಕಮೋಡಿಗೆ ಸುರಿದೆ. ನೀರು ತಾಗಿದರೆ ಊದಿಕೊಳ್ಳೋ ಮಣ್ಣು ಅದು, ಪೈಪ್ ಕಟ್ಟಿ ಪ್ಲಂಬರ್ ಕರೆಸಬೇಕಾಯಿತು. ಫಿನಾಯಿಲ್ ಹಾಕಿ ತೊಳೆಯಲು ಹೊರಟಿದ್ದೆ, ಅದು ಬೆಕ್ಕಿಗೆ ವಿಷ ಅಂತ ಸಮಯಕ್ಕೆ ಗೊತ್ತಾಯಿತು. ಈಗ ಬಿಸಿನೀರು, ಪಾತ್ರೆ ಸೋಪು, ಅಷ್ಟೇ.

ದಿನಕ್ಕೆ ಎರಡು ಸಲ ಎತ್ತುತ್ತೇನೆ, ಕಾಗದದಲ್ಲಿ ಸುತ್ತಿ ಕಸಕ್ಕೆ. ಬಸುರಿ ನಾದಿನಿ ಬಂದಿದ್ದಾಗಂತೂ ತಪ್ಪಿಸಲೇ ಇಲ್ಲ, ಅವಳನ್ನು ಬಾಕ್ಸ್ ಹತ್ತಿರ ಬಿಡಲೂ ಇಲ್ಲ. ಹೊಟ್ಟೆಯಲ್ಲಿರೋ ಮಗುವಿಗೆ ಅಪಾಯ ಮಾಡೋ ಟೊಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿ ಜೀವಿ ಬೆಕ್ಕಿನ ಮಲದಲ್ಲಿದ್ದರೆ ಅದು ಬೇರೆಯವರಿಗೆ ಅಂಟುವಂತಾಗಲು 1ರಿಂದ 5 ದಿನ ಬೇಕು, ಹಾಗಾಗಿ ಒಂದು ದಿನ ತುಂಬುವ ಮೊದಲೇ ಎತ್ತಬೇಕು. ಹೊಸ ಲಿಟರ್ ಅಕ್ಕಿ ಡಬ್ಬದಲ್ಲಿ ಗಾಳಿಯಾಡದಂತೆ ಇಟ್ಟಿದ್ದೇನೆ. ಎರಡಿಂಚು ಮಾತ್ರ ಹಾಕುತ್ತೇನೆ. ಎದುರಿಗೆ ತೆಂಗಿನ ನಾರಿನ ಮ್ಯಾಟ್, ಕಾಲಿಗೆ ಅಂಟಿದ ಪುಡಿ ಅಲ್ಲೇ ಉದುರುತ್ತೆ, ಆದರೆ ಆಷಾಢದಲ್ಲಿ ಅದಕ್ಕೂ ಬೂಸ್ಟು.

ಬೇಸಿಗೆಗೆ ನಾಲ್ಕು ಸ್ಟಾರ್, ಮಳೆಗಾಲಕ್ಕೆ ಎರಡು. ತಳದ ಟ್ರೇ ಗಟ್ಟಿ, ಎರಡು ವರ್ಷಕ್ಕೂ ಬಿರುಕಿಲ್ಲ. ವಾಸನೆ ಹೀರೋಕೆ ಅಂತ ಮುಚ್ಚಳಕ್ಕೆ ಹಾಕೋ ಕಾರ್ಬನ್ ಫಿಲ್ಟರ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ನಾನು ಎರಡು ತಂದಿದ್ದೆ, ಎರಡನೆಯದು ಇನ್ನೂ ಪ್ಯಾಕೆಟ್ಟಿನಲ್ಲೇ ಇದೆ.